ಗೋರಿ ಹುಡುಕುವವರು



ನವೆಂಬರ್ ಬಂತೆಂದರೆ ನಾವು ಸಮಾಧಿಭೂಮಿಗೆ ಹೋಗುತ್ತೇವೆ. ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ನಮ್ಮವರು ಎಲ್ಲಿ ಮಲಗಿದ್ದಾರೆಂದು ನಮಗೆ ಗೊತ್ತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಎಷ್ಟೋ ಐರಿಷ್ ಮೂಲದ ಕುಟುಂಬಗಳಿಗೆ ಈ ಭಾಗ್ಯವಿಲ್ಲ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು 1845ರಿಂದ 1852ರವರೆಗೆ ಬಿದ್ದ ಮಹಾಕ್ಷಾಮಕ್ಕೆ ಸುಮಾರು 10 ಲಕ್ಷ ಜನ ಬಲಿಯಾದರು; ಹೆಚ್ಚುಕಡಿಮೆ ಅಷ್ಟೇ ಜನ ಹಡಗು ಹತ್ತಿದರು. ಹಾಗೆ ಹೋದವರ ಮರಿಮಕ್ಕಳು ಇಂದು ಅಜ್ಜನ ಊರನ್ನು ಹುಡುಕಿಕೊಂಡು ಬಂದು, ನಮ್ಮ ಹಿರಿಯರನ್ನು ಮಣ್ಣು ಮಾಡಿದ್ದು ಎಲ್ಲಿ ಎಂದು ಗುರುಗಳನ್ನು ಕೇಳುತ್ತಾರೆ.

ಗುರುಗಳು ತೆಗೆದುಕೊಡುವುದು ಹಳೆಯ ದೀಕ್ಷಾಸ್ನಾನ ಪುಸ್ತಕವನ್ನು, ವಿವಾಹ ಪುಸ್ತಕವನ್ನು. ಶವಸಂಸ್ಕಾರದ ಪುಸ್ತಕ ಬಹಳ ಕಡೆ ಇಲ್ಲವೇ ಇಲ್ಲ. ಗುರುಗಳ ಅಸಡ್ಡೆಯೆಂದು ತೀರ್ಮಾನಿಸಬೇಡಿ. 16ನೆಯ ಶತಮಾನದ ಮತಕ್ರಾಂತಿಯಲ್ಲಿ ಹಳೆಯ ದೇವಾಲಯಗಳೂ ಅವುಗಳ ಸಮಾಧಿಭೂಮಿಗಳೂ ಸರ್ಕಾರ ಮನ್ನಿಸಿದ ಆಂಗ್ಲಿಕನ್ ಸಭೆಯ ವಶಕ್ಕೆ ಹೋದವು. ಕಥೋಲಿಕರು ಮಾತ್ರ ತಮ್ಮ ತಾತ ಮುತ್ತಾತಂದಿರ ಮಗ್ಗುಲಲ್ಲೇ ಮಲಗಬೇಕೆಂದು ಅದೇ ನೆಲಕ್ಕೆ ಶವ ಹೊತ್ತರು. ಅಲ್ಲಿ ಬಹಿರಂಗವಾಗಿ ಪ್ರಾರ್ಥಿಸುವುದು ಗುರುಗಳಿಗೆ ಕಷ್ಟವಾಗಿತ್ತು. ಸತ್ತವರ ಮನೆಯಲ್ಲೇ ಒಂದು ಹಿಡಿ ಮಣ್ಣನ್ನು ಆಶೀರ್ವದಿಸಿ ಶವಪೆಟ್ಟಿಗೆಯೊಳಗೆ ಇಡುವ ರೂಢಿ ಬಂದದ್ದು ಆಗ. 1824ರ ಕಾನೂನು ಸಮಾಧಿಯ ಬಳಿ ಪ್ರಾರ್ಥನೆಗೆ ಅವಕಾಶ ಕೊಟ್ಟಿತು, ಅದೂ ಆಂಗ್ಲಿಕನ್ ಪಾದ್ರಿಯ ಅನುಮತಿ ಪಡೆದು! ಡೇನಿಯಲ್ ಓಕಾನೆಲ್‌ರ ಹೋರಾಟದ ಫಲವಾಗಿ 1832ರಲ್ಲಿ ಡಬ್ಲಿನ್ನಿನ ಗ್ಲಾಸ್ನೆವಿನ್ ಸಮಾಧಿಭೂಮಿ ತೆರೆಯಿತು. ಎಲ್ಲ ಮತದವರಿಗೂ ತೆರೆಯಿತು. ಆ ವರ್ಷ ಫೆಬ್ರವರಿ 22ರಂದು ಅಲ್ಲಿ ಮೊದಲು ಮಣ್ಣಾದವನು ಮೈಕಲ್ ಕೇರಿ ಎಂಬ 11 ವರ್ಷದ ಹುಡುಗ. ಅವನ ಹೆಸರು ಪುಸ್ತಕದಲ್ಲಿದೆ.

ಹಳ್ಳಿಗಳ ಕಥೆ ಬೇರೆ. ಅಲ್ಲಿನ ಕಥೋಲಿಕರ ಶವಸಂಸ್ಕಾರದ ಸುದ್ದಿ ಕೆಲವೊಮ್ಮೆ ಆಂಗ್ಲಿಕನ್ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಆ ಪುಸ್ತಕಗಳಲ್ಲಿ ಬಹುಪಾಲನ್ನು ಭದ್ರವಾಗಿರಲೆಂದು ಡಬ್ಲಿನ್ನಿನ ಸರ್ಕಾರಿ ದಾಖಲೆ ಭಂಡಾರಕ್ಕೆ ಸಾಗಿಸಲಾಗಿತ್ತು. 1922ರ ಜೂನ್ 30ರಂದು, ಅಂತರ್ಯುದ್ಧದ ಗುಂಡುಮದ್ದಿನ ನಡುವೆ, ಆ ಭಂಡಾರವೇ ಸುಟ್ಟುಹೋಯಿತು. ಊರಿನಲ್ಲೇ ಇರಿಸಿಕೊಂಡಿದ್ದ ಪುಸ್ತಕಗಳು ಉಳಿದವು. ಇತಿಹಾಸಕ್ಕೂ ಹಾಸ್ಯಪ್ರಜ್ಞೆ ಇದೆಯೇನೋ.

ಹೀಗಾಗಿ ಹುಡುಕುವವರು ಸುತ್ತುಬಳಸಿ ಹೋಗಬೇಕು. ಕಥೋಲಿಕ ದಾಖಲೆಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಜೇಮ್ಸ್ ಅಲ್ಲಿ ಲತೀನಿನ ಯಾಕೋಬುಸ್ ಆಗಿರುತ್ತಾನೆ, ಶಾಯಿ ಹರಡಿರುತ್ತದೆ. ಆದರೂ ದೀಕ್ಷಾಸ್ನಾನದ ಒಂದು ಸಾಲಿನಲ್ಲಿ ತಂದೆತಾಯಿ, ಜ್ಞಾನ ತಂದೆತಾಯಿಗಳ ಹೆಸರು, ಅದೃಷ್ಟವಿದ್ದರೆ ಹಳ್ಳಿಯ ಹೆಸರೂ ಸಿಗುತ್ತದೆ. ಹಳ್ಳಿ ತಿಳಿದರೆ ಅದರ ಹಳೆಯ ಸಮಾಧಿಭೂಮಿಯನ್ನು ಊಹಿಸಬಹುದು. 1864ರಿಂದ ಸರ್ಕಾರವೂ ಮರಣಗಳನ್ನು ನೋಂದಾಯಿಸಿತು. ಆ ದಾಖಲೆ ಸತ್ತ ಸ್ಥಳವನ್ನು ಹೇಳುತ್ತದೆಯೇ ಹೊರತು ಹೂಳಿದ ಸ್ಥಳವನ್ನಲ್ಲ. (ಐರಿಷ್ ಸಿಪಾಯಿಗಳು ನಮ್ಮ ಬೆಂಗಳೂರಿನ ದಂಡಿನಲ್ಲೂ ಇದ್ದರು. ಅಂಥವರ ಮನೆಯವರು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿರುವ ಭಾರತದ ಶವಸಂಸ್ಕಾರ ದಾಖಲೆಗಳನ್ನು ನೋಡಬೇಕಾಗುತ್ತದೆ.)

ಸತ್ತವರಿಗಾಗಿ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ವಾಗ್ದತ್ತ ನಾಡಿನಲ್ಲಿ ಅಬ್ರಹಾಮನು ಹಣ ಕೊಟ್ಟು ಕೊಂಡ ಮೊದಲ ತುಂಡು ನೆಲ ಯಾವುದು? ಸಾರಳ ಸಮಾಧಿಗೆಂದು 400 ಬೆಳ್ಳಿ ನಾಣ್ಯ ತೂಗಿಕೊಟ್ಟು ಪಡೆದ ಮಕ್ಪೇಲದ ಗವಿ. ತೋಬಿತನು ಊಟ ಬಿಟ್ಟೆದ್ದು, ಬೀದಿಯಲ್ಲಿ ಬಿದ್ದಿದ್ದ ಶವವನ್ನು ತಂದು ಹೂಳಿದನು. ದೇಹದ ಪುನರುತ್ಥಾನವನ್ನು ನಂಬುವವರಿಗೆ ಈ ಮಣ್ಣು ಕಸವಲ್ಲ. ಶವಸಂಸ್ಕಾರ ಮುಗಿದ ಮೇಲೆ ಮರಣ ಪುಸ್ತಕದಲ್ಲಿ ಬರೆಯಲೇಬೇಕೆಂದು ಧರ್ಮಸಭೆಯ ಕಾನೂನಿನ 1182ನೆಯ ವಿಧಿ ಹೇಳುವುದೂ ಸುಮ್ಮನೆ ಅಲ್ಲ. ಬರೆಸಲು ಬರುವ ಮನೆಯವರು ಅಜ್ಜಿಯ ಪೂರ್ಣ ಹೆಸರನ್ನು ತಿಳಿದುಕೊಂಡು ಬಂದರೆ ನಮಗೂ ಉಪಕಾರ!

ಯಾವ ಪುಸ್ತಕದಲ್ಲೂ ಇಲ್ಲದವರೂ ಇದ್ದಾರೆ. ಸ್ಕಿಬ್ಬರೀನ್ ಊರಿನ ಅಬ್ಬೆಸ್ಟ್ರೂರಿಯಲ್ಲಿ ಕ್ಷಾಮದಲ್ಲಿ ಸತ್ತ 8,000ಕ್ಕೂ ಹೆಚ್ಚು ಜನ ಸಾಮೂಹಿಕ ಹೊಂಡಗಳಲ್ಲಿದ್ದಾರೆಂಬ ಅಂದಾಜಿದೆ. ಇನ್ನು ದೀಕ್ಷಾಸ್ನಾನಕ್ಕೆ ಮುಂಚೆಯೇ ತೀರಿಕೊಂಡ ಹಸುಗೂಸುಗಳು. ಅವಕ್ಕೆ ಪವಿತ್ರ ನೆಲದಲ್ಲಿ ಜಾಗ ಸಿಗಲಿಲ್ಲ. ಕಿಲ್ಲೀನ್ ಎಂದು ಕರೆಯುವ ಬೇರೆ ಜಾಗಗಳಲ್ಲಿ, ಊರ ಗಡಿಯಲ್ಲೋ ಸಮುದ್ರದ ದಂಡೆಯಲ್ಲೋ, ಹೆಚ್ಚಾಗಿ ತಂದೆಯೇ ಕತ್ತಲಲ್ಲಿ ಒಯ್ದು ಹೂಳುತ್ತಿದ್ದ. ಈ ಕ್ರಮ 20ನೆಯ ಶತಮಾನದಲ್ಲೂ ನಡೆಯಿತು. ಆ ತಾಯಂದಿರ ದುಃಖಕ್ಕೆ ನಾವು ಗುರುಗಳು ಏನು ಹೇಳಿದರೂ ಕಡಿಮೆಯೇ. ಇಂಥ ಮಕ್ಕಳ ರಕ್ಷಣೆಯನ್ನು ನಂಬಿ ನಿರೀಕ್ಷಿಸಲು ಬಲವಾದ ಆಧಾರಗಳಿವೆಯೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಐರ್ಲೆಂಡಿನ ಹಲವು ಊರುಗಳಲ್ಲಿ ಜನರೇ ಮುಳ್ಳುಪೊದೆ ಕಡಿದು ಆ ಜಾಗಗಳನ್ನು ಸ್ವಚ್ಛಗೊಳಿಸಿದ್ದಾರೆ, ಗುರುಗಳು ಬಂದು ಆಶೀರ್ವದಿಸಿದ್ದಾರೆ. ಪೊದೆಯಡಿಯಲ್ಲಿ ಅಲ್ಲಲ್ಲಿ ಬಿಳಿ ಬೆಣಚುಕಲ್ಲುಗಳು ಸಿಕ್ಕಿವೆ. ಹೂಳಿದವರೇ ಗುರುತಿಗೆಂದು ಇಟ್ಟುಹೋದವು.