ಬಲೆ ಮತ್ತು ಗೋಡೆ

ಒಂದು ಜೀವಸಂಕುಲ ಅಳಿಯುತ್ತಿದೆ ಎಂಬ ಸುದ್ದಿ ಬಂದೊಡನೆ ನಾವು ಮೊದಲು ಹುಡುಕುವುದು ಅಪರಾಧಿಯನ್ನು. ಆತ ಬಡವನಾಗಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. ಆದರೆ ಅಪರಾಧದ ಹೊರೆಯನ್ನು ಯಾರ ತಲೆಯ ಮೇಲೆ ಎಷ್ಟು ಹೊರಿಸಬೇಕು? ಈ ಪ್ರಶ್ನೆಯನ್ನು ನಮ್ಮ ಮುಂದಿಡುವುದು ಗುಬ್ಬಚ್ಚಿ ಗಾತ್ರದ ಒಂದು ಹಕ್ಕಿ, ಚಮಚ ಕೊಕ್ಕಿನ ಗೊರವ.

ಸುಮಾರು 30 ಗ್ರಾಂ ತೂಗುವ ಈ ಹಕ್ಕಿಯ ಕೊಕ್ಕಿನ ತುದಿ ಪುಟ್ಟ ಚಮಚದಂತೆ ಅಗಲವಾಗಿದೆ. ಅದು ಮರಿ ಮಾಡುವುದು ರಷ್ಯದ ಈಶಾನ್ಯ ತುದಿಯ ಚುಕೋಟ್ಕಾ, ಕಮ್ಚಾಟ್ಕಾ ಪ್ರದೇಶಗಳಲ್ಲಿ. ಚಳಿಗಾಲ ಕಳೆಯಲು ಸುಮಾರು 8,000 ಕಿ.ಮೀ. ಹಾರಿ ಬಾಂಗ್ಲಾದೇಶ, ಮ್ಯಾನ್ಮಾರ್ ಮುಂತಾದ ಕಡೆಗಳ ಕೆಸರು ತೀರಗಳಿಗೆ ಬರುತ್ತದೆ. ಮೊಟ್ಟೆಯೊಡೆದ ಮರಿಗಳು ಮೊದಲ ದಿನದಿಂದಲೇ ತಮ್ಮ ಆಹಾರವನ್ನು ತಾವೇ ಹುಡುಕಿಕೊಳ್ಳುತ್ತವೆ. ತಾಯಿ ಮೊದಲು ಹೊರಟುಹೋಗುತ್ತದೆ. ಕೆಲವು ವಾರ ಕಾವಲಿದ್ದ ತಂದೆಯೂ ಆಮೇಲೆ ಹೊರಡುತ್ತದೆ. ಎಂದೂ ನೋಡಿರದ ದಾರಿಯಲ್ಲಿ ಮರಿಗಳು ತಂದೆತಾಯಿಯಿಲ್ಲದೆ ಹಾರುತ್ತವೆ. ತಮ್ಮ ಹಿರಿಯರು ಇಳಿದ ನೆಲ ಅಲ್ಲಿಯೇ ಇರುತ್ತದೆ ಎಂಬುದೊಂದೇ ಅವುಗಳ ಆಧಾರ.

ಆ ನೆಲ ಅಲ್ಲಿ ಇದೆಯೇ?

ಮ್ಯಾನ್ಮಾರಿನ ಮೊಟ್ಟಮಾ ಕೊಲ್ಲಿಯಲ್ಲಿ ಬಡವರು ಹೊಟ್ಟೆಪಾಡಿಗಾಗಿ ಹಕ್ಕಿಗಳಿಗೆ ಬಲೆ ಒಡ್ಡುತ್ತಿದ್ದರು. ಅವರಿಗೆ ಬೇಕಿದ್ದುದು ಮಾಂಸ ಹೆಚ್ಚಿರುವ ದೊಡ್ಡ ಹಕ್ಕಿಗಳು. ಈ ಪುಟ್ಟ ಗೊರವವೂ ಅವುಗಳೊಂದಿಗೆ ಸಿಕ್ಕಿ ಸಾಯುತ್ತಿತ್ತು. ಅತ್ತ, ಹಕ್ಕಿಗಳು ನಡುದಾರಿಯಲ್ಲಿ ಇಳಿದು ಮೈತುಂಬಿಕೊಳ್ಳುವ ಹಳದಿ ಸಮುದ್ರದ ತೀರದಲ್ಲಿ ಬೇರೊಂದು ಕೆಲಸ ನಡೆದಿತ್ತು. ದಕ್ಷಿಣ ಕೊರಿಯಾದ ಸೇಮಂಗಮ್‌ನಲ್ಲಿ ಸುಮಾರು 33 ಕಿ.ಮೀ. ಉದ್ದದ ಗೋಡೆ ಕಟ್ಟಿ 2006ರಲ್ಲಿ ಸಮುದ್ರವನ್ನು ತಡೆಯಲಾಯಿತು. ಉಬ್ಬರವಿಳಿತ ನಿಂತಿತು. ಕೆಸರಿನಲ್ಲಿದ್ದ ಜೀವಿಗಳು ಸತ್ತವು. ಹಕ್ಕಿಗಳ ಜೊತೆಗೆ, ಅದೇ ಕೆಸರಿನಲ್ಲಿ ಚಿಪ್ಪು ಆರಿಸಿ ಬದುಕುತ್ತಿದ್ದ ಮೀನುಗಾರ ಕುಟುಂಬಗಳೂ ಅನ್ನ ಕಳಕೊಂಡವು.

ಬಲೆ ಒಡ್ಡಿದವನನ್ನು ಬೇಟೆಗಾರ ಎನ್ನುತ್ತೇವೆ. ಗೋಡೆ ಕಟ್ಟಿದ್ದನ್ನು ಅಭಿವೃದ್ಧಿ ಎನ್ನುತ್ತೇವೆ. ಒಂದರಲ್ಲಿ ರಕ್ತ ಕಾಣಿಸುತ್ತದೆ, ಇನ್ನೊಂದರಲ್ಲಿ ನಕ್ಷೆ ಮತ್ತು ಸಹಿ ಮಾತ್ರ ಕಾಣಿಸುತ್ತವೆ.

ಹಾಗೆಂದು ಬಡತನವು ಬಲೆಯನ್ನು ನಿರಪರಾಧಿಯಾಗಿಸುವುದಿಲ್ಲ. ಕೆಲವೇ ನೂರು ಹಕ್ಕಿಗಳು ಉಳಿದಿರುವಾಗ ಒಂದು ಬಲೆಯೂ ದೊಡ್ಡ ಆಪತ್ತೇ. ಆದರೆ ಬೇರೆ ದಾರಿ ಇಲ್ಲದವನ ತಪ್ಪನ್ನೂ ಹತ್ತು ದಾರಿಗಳಿದ್ದವನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಯಾರಿಗೆ ಆಯ್ಕೆ ಹೆಚ್ಚೋ ಅವರ ಹೊಣೆಯೂ ಹೆಚ್ಚು.

ಇದು ಬರಿಯ ಆದರ್ಶದ ಮಾತಲ್ಲ. ಮೊಟ್ಟಮಾ ಕೊಲ್ಲಿಯಲ್ಲಿ ಹಕ್ಕಿಪ್ರೇಮಿಗಳು ಬಲೆಗಾರರ ಮನೆಬಾಗಿಲಿಗೆ ಹೋಗಿ ಮೀನುಗಾರಿಕೆಯಂತಹ ಬೇರೆ ಕಸುಬಿಗೆ ನೆರವು ನೀಡಿದರು. ಅನೇಕರು ಹಕ್ಕಿಬೇಟೆ ಬಿಟ್ಟರು. ಅನ್ನಕ್ಕೆ ದಾರಿ ತೋರಿದೊಡನೆ ಅವರು ಹಕ್ಕಿಗೂ ದಾರಿ ಬಿಟ್ಟರು. ಗೋಡೆ ಹಾಗಲ್ಲ, ಅದು ಪಶ್ಚಾತ್ತಾಪ ಪಡುವುದಿಲ್ಲ. ಹಳದಿ ಸಮುದ್ರದ ಉಳಿದ ತೀರಗಳಲ್ಲಿ ಕೆಲವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 2019ರಲ್ಲಿ ಚೀನಾದಲ್ಲಿ, 2021ರಲ್ಲಿ ಕೊರಿಯಾದಲ್ಲಿ. ಒಳ್ಳೆಯದೇ. ಆದರೆ ಅಷ್ಟರಲ್ಲಿ ಎಷ್ಟೋ ತೀರ ಹೋಗಿಯಾಗಿತ್ತು.

‘ಆ ಹಕ್ಕಿ ಇಲ್ಲದಿದ್ದರೆ ನಮಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಉಪಯೋಗವೊಂದೇ ಬದುಕುವ ಹಕ್ಕಿಗೆ ಅಳತೆಗೋಲಾದರೆ, ಆ ಕೋಲು ಹಕ್ಕಿಯ ಬಳಿ ನಿಲ್ಲುವುದಿಲ್ಲ. ದುಡಿಯಲಾಗದ ಮುದುಕರನ್ನೂ ರೋಗಿಗಳನ್ನೂ ಅದು ಅಳೆಯತೊಡಗುತ್ತದೆ. ಚಿಪ್ಪು ಆರಿಸುವವರ ಬದುಕು ಗೋಡೆಯ ಲೆಕ್ಕಕ್ಕೆ ಬಾರದೆ ಹೋದದ್ದೂ ಇದೇ ಅಳತೆಯಿಂದಲ್ಲವೇ?

ನಮ್ಮ ಕೆರೆ, ಅಳಿವೆಗಳಿಗೂ ಪ್ರತಿ ಚಳಿಗಾಲ ಬೇರೆ ಜಾತಿಯ ಗೊರವಗಳು ದೂರದ ದೇಶಗಳಿಂದ ಬರುತ್ತವೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇದ್ದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆಯಂಗಳದಲ್ಲಿ ಹಕ್ಕಿ ಹಿಡಿದವನನ್ನು ಕಂಡರೆ ನಾವು ಗದರಿಸುತ್ತೇವೆ. ಅದೇ ಕೆರೆಯನ್ನು ಮುಚ್ಚಿ ನಿವೇಶನ ಮಾಡಿದರೆ ಬೆಲೆ ಎಷ್ಟೆಂದು ವಿಚಾರಿಸುತ್ತೇವೆ. ಬಡವನ ಬಲೆಯನ್ನು ಪ್ರಶ್ನಿಸುವ ಮೊದಲು ನಮ್ಮ ಮನೆಯ ಅಡಿಪಾಯ ಯಾವ ನೆಲದಲ್ಲಿದೆ ಎಂದು ಕೇಳಿಕೊಳ್ಳೋಣ.