ಪ್ರಮಾದವೂ ಹಿಂಸೆಯೂ

ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳನ್ನು ಕೊಲ್ಲದೆ ರೋಗಿಯನ್ನು ಉಳಿಸಲಾಗದೆಂದಾಗ, ಅಹಿಂಸೆಯೇ ಪರಮಧರ್ಮವೆಂದು ನಂಬಿದವನು ಮಾಡತಕ್ಕುದೇನು? ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಆದ ಪ್ರಾಣಹರಣವೇ ಹಿಂಸೆಯೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ; ಎಚ್ಚರದಿಂದ ನಡೆಯುವ ಯತಿಯ ಕಾಲಡಿಯಲ್ಲಿ ಕ್ಷುದ್ರಜೀವಿಯು ಸತ್ತರೂ ಅವನಿಗೆ ಕರ್ಮಬಂಧವಿಲ್ಲವೆಂಬುದನ್ನು ಕನ್ನಡನಾಡಿನ ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ವೈದ್ಯನಾದರೋ ಅರಿತೇ ಕೊಲ್ಲುವನಾದ್ದರಿಂದ ಯತಿಯ ನಿರ್ದೋಷತೆ ಅವನಿಗೆ ಪೂರ್ಣವಾಗಿ ಸಲ್ಲದು. ಆದರೂ ರಕ್ಷಣೆಗಾಗಿ ಒದಗುವ ವಿರೋಧಿಹಿಂಸೆಯನ್ನು ಗೃಹಸ್ಥನಿಗೆ ಜೈನಧರ್ಮ ಸಂಪೂರ್ಣವಾಗಿ ನಿಷೇಧಿಸಲಿಲ್ಲ. ಅಲ್ಲಿ ಅವನನ್ನು ಕಾಯುವುದು ಮಿತಿ, ಜಾಗರೂಕತೆ.

ಔಷಧಗಳ ಬಳಕೆಯಲ್ಲಿ ಈ ಮಿತಿಯನ್ನು ನಾವು ಮೀರಿದೆವು. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ, ಅಲ್ಪಪ್ರಮಾಣದ ಸೇವನೆಯಿಂದ ಸೂಕ್ಷ್ಮಾಣುಗಳು ಔಷಧವನ್ನೇ ಜಯಿಸುವುವೆಂದು ಎಚ್ಚರಿಸಿದ್ದರು. ನೆಗಡಿಗೂ ಪ್ರತಿಜೀವಕವನ್ನು ನುಂಗಿ, ಪಶುಗಳ ಮೇವಿನಲ್ಲಿಯೂ ಬೆರೆಸಿ, ದೇಹಕ್ಕೆ ಉಪಕಾರಿಗಳಾದ ಬ್ಯಾಕ್ಟೀರಿಯಾಗಳನ್ನೂ ವಿವೇಚನೆಯಿಲ್ಲದೆ ಅಳಿಸಿದ ಪ್ರಮಾದದ ಫಲವಾಗಿ, ಔಷಧಕ್ಕೆ ಮಣಿಯದ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮಡಿದರೆಂದು ಅಂದಾಜು.

ಧ್ವನಿಯ ನೆರವಿನಿಂದ ಸೋಂಕನ್ನು ಅಳಿಸಲು ಈಗ ವಿಜ್ಞಾನಿಗಳು ಶೋಧಿಸುತ್ತಿರುವ ಶಬ್ದಚಿಕಿತ್ಸೆಯಲ್ಲಿ ನನಗೆ ಆದರವುಂಟಾಗುವುದು ಇದೇ ಕಾರಣದಿಂದ. ಅದರಲ್ಲಿ ಬಳಸುವ, ಚಿನ್ನದ ಕಣಗಳನ್ನು ಲೇಪಿಸಿದ ಟೈಟೇನಿಯಂ ಡೈಆಕ್ಸೈಡಿನಂತಹ ನ್ಯಾನೊಪದಾರ್ಥವು ತಾನಾಗಿ ಬಹುಮಟ್ಟಿಗೆ ನಿಷ್ಕ್ರಿಯ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ, ಕಿವಿಗೆ ಕೇಳದ ಧ್ವನಿ ತಾಗಿದಾಗ ಅದರೊಳಗಿನ ಇಲೆಕ್ಟ್ರಾನುಗಳು ಸ್ಥಾನಪಲ್ಲಟಗೊಳ್ಳುವುವು, ಅವು ಒಡನೆಯೇ ಹಿಂದಿರುಗದಂತೆ ಚಿನ್ನವು ತಡೆಯುವುದು, ಸುತ್ತಲಿನ ನೀರು ಮತ್ತು ಆಮ್ಲಜನಕಗಳಿಂದ ಹುಟ್ಟಿದ ಅತಿಚುರುಕಾದ ಆಮ್ಲಜನಕ ರೂಪಗಳು ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನು, ಡಿಎನ್‌ಎಗಳನ್ನು ಏಕಕಾಲದಲ್ಲಿ ಭೇದಿಸುವುವು. ಹಲವು ಕಡೆ ಒಮ್ಮೆಗೇ ಬೀಳುವ ಈ ಪೆಟ್ಟಿಗೆ ಪ್ರತಿರೋಧವನ್ನು ಬೆಳೆಸಿಕೊಳ್ಳುವುದು ಅವಕ್ಕೆ ಕಠಿನ. ಬೆಳಕು ಮುಟ್ಟಲಾರದ ಮೂಳೆಯ ಸೋಂಕಿನವರೆಗೂ ಧ್ವನಿ ಇಳಿಯಬಲ್ಲುದು. ಅದನ್ನು ಗುರಿಯಿಟ್ಟಲ್ಲಿ ಕೊಲೆ, ನಿಲ್ಲಿಸಿದೊಡನೆ ವಿರಾಮ.

ಶಕ್ತಿಗೆ ಸೀಮೆಯನ್ನು ಕಲ್ಪಿಸುವ ಈ ಶಿಸ್ತು ಧರ್ಮಕ್ಕೆ ಸಮೀಪವಾದುದು, ಆದರೆ ಅದೇ ಧರ್ಮವಲ್ಲ. ಈ ಚಿಕಿತ್ಸೆಯ ಬಹುಭಾಗ ಇನ್ನೂ ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳ ಮೇಲಣ ಪರೀಕ್ಷೆಯಲ್ಲಿಯೂ ಇದೆ. ಆ ಮೂಕಜೀವಿಗಳ ನೋವು ನಮ್ಮ ಲೆಕ್ಕಕ್ಕೆ ಸೇರಲೇಬೇಕು. ಯಕೃತ್ತಿನಲ್ಲಿ, ಪ್ಲೀಹದಲ್ಲಿ ಲೋಹಕಣಗಳು ತಂಗಬಹುದೆಂಬ ಭಯವೂ ನಿವಾರಣೆಯಾಗಬೇಕು. ಉಪಕರಣವು ಎಷ್ಟೇ ಸೂಕ್ಷ್ಮವಾಗಲಿ, ಎಚ್ಚರವನ್ನು ಅದಕ್ಕೆ ಒಪ್ಪಿಸಿ ನಿದ್ರಿಸುವ ಅಧಿಕಾರ ಮನುಷ್ಯನಿಗಿಲ್ಲ. ಕೊಲ್ಲುವುದು ಅನಿವಾರ್ಯವಾದಲ್ಲಿ ಎಷ್ಟು, ಎಲ್ಲಿ, ಏತಕ್ಕೆ ಎಂದು ಪ್ರತಿಸಲವೂ ಕೇಳಿಕೊಳ್ಳುವವನೇ ಅಹಿಂಸೆಯ ಸಾಧಕನು.