ಮಾಲೆ ತೆಗೆದ ಮರುದಿನ



ಸ್ವಾಮಿಗಳೇ, 41 ದಿನ ಒಂದು ತೊಟ್ಟೂ ಮುಟ್ಟದವರು ಮಾಲೆ ತೆಗೆದ ಸಂಜೆಯೇ ಬಾರಿಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ನಾನಂತೂ ಎರಡು ವರ್ಷ ಹಾಗೇ ಹೋದವನು. ವ್ರತದ ದಿನಗಳು ಅಯ್ಯಪ್ಪನಿಗೆ, ಉಳಿದದ್ದು ನನಗೆ ಎಂಬ ಲೆಕ್ಕ! ಮೂರನೇ ವರ್ಷ ಮಾಲೆ ತೆಗೆಯುವಾಗ ಗುರುಸ್ವಾಮಿ ಹೇಳಿದ್ದು ಇಷ್ಟೇ: "ನಾಳೆ ಬೆಳಿಗ್ಗೆಯೂ ತಣ್ಣೀರು ಸ್ನಾನ ಮಾಡಿ, ನನಗೊಂದು ಫೋನ್ ಮಾಡಿ ಸ್ವಾಮಿ." ಜನ್ಮಪೂರ್ತಿಯ ಆಣೆ ಕೇಳಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲೂ ಇದನ್ನೇ ಹೇಳುತ್ತಾರೆ, ಇವತ್ತೊಂದು ದಿನ ಕುಡಿಯಬೇಡ ಎಂದು. ಮುಂಬೈಯಲ್ಲಿ ಆ ಸಭೆಗಳಿಗೆ ಈಗಲೂ ಹೋಗುತ್ತೇನೆ.

ಸನ್ನಿಧಾನದಲ್ಲಿ 'ತತ್ತ್ವಮಸಿ' ಎಂದು ಬರೆದಿದೆ. ಮಾಲೆ ಹಾಕಿದವನನ್ನು ಸ್ವಾಮಿ ಎನ್ನುವ ನಾವು, ಕುಡಿದು ಬಿದ್ದವನನ್ನು ಏನೆಂದು ಕರೆಯುತ್ತೇವೆ?

ಇನ್ನೊಂದು ಮಾತು. ದಿನವೂ ವಿಪರೀತ ಕುಡಿಯುವವರಿಗೆ ಮಾಲೆ ಹಾಕಿಸಿ ಒಮ್ಮೆಲೇ ಬಿಡಿಸಬೇಡಿ. ಕೈನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರು, ಆಮೇಲೆ ಮಾಲೆ.

ಮಕರವಿಳಕ್ಕು ಮುಗಿಸಿ ಬಂದು ಮಾಲೆ ತೆಗೆಯುವವರಲ್ಲಿ ಯಾರಿಗಾದರೂ ಮರುದಿನ ಫೋನ್ ಮಾಡಲು ಒಬ್ಬರು ಬೇಕಿದ್ದರೆ, ನಾನು ನಾಲ್ಕೂವರೆಗೇ ಎದ್ದಿರುತ್ತೇನೆ.

ಸ್ವಾಮಿ ಶರಣಂ.